ಚಕ್ಕಡಿಯ ಮೇಲಿನ ನಕ್ಷತ್ರರಾಣಿ

ನಾನು ಚಿಕ್ಕವಳಿದ್ದಾಗ ತಿಳವಳ್ಳಿಯ ನಮ್ಮ ಓಣಿಗೆ ಒಂದೇ ಕಲರ್ ಟೀವಿ, ಅದೂ ನಮ್ಮ ಮನೆಯದು. ಆ ಜಂಬ ನನಗೆ ಇನ್ನೂ ಪೂರ್ತಿ ಇಳಿದಿಲ್ಲ ಬಿಡಿ. ರವಿವಾರ ಮುಂಜಾನೆ ಅದರಲ್ಲೊಂದು ಬಾಹ್ಯಾಕಾಶದ ಧಾರಾವಾಹಿ ಬರುತ್ತಿತ್ತು. ಹೊರದೇಶದ್ದು, ಮಾತು ಮಾತ್ರ ಹಿಂದಿ. ನಮಗೆ ಹಿಂದಿ ಅಷ್ಟಕ್ಕಷ್ಟೇ, ಹಾಗಾಗಿ ಕಥೆಯನ್ನು ನಾವೇ ಹೊಂದಿಸಿಕೊಳ್ಳುತ್ತಿದ್ದೆವು. ನೌಕೆ ನಡೆಸುವವನು ಬೆಳ್ಳಗಿನ ಗಂಡಸು, ಕಾಯುತ್ತ ಕೂರುವವಳು ನಕ್ಷತ್ರದ ರಾಣಿ, ಕೆಟ್ಟ ಗ್ರಹದವರೆಲ್ಲ ಕಪ್ಪು. ಇಷ್ಟು ತಿಳಿಯಲು ಹಿಂದಿ ಯಾಕೆ ಬೇಕು?

ಬೇಸಿಗೆ ಸೂಟಿಯಲ್ಲಿ, ಎತ್ತು ಬಿಚ್ಚಿ ಕಣದಲ್ಲಿ ನಿಲ್ಲಿಸಿದ ಚಕ್ಕಡಿಯೇ ನಮ್ಮ ನೌಕೆ. ಸುತ್ತ ಗೋವಿನಜೋಳದ ಒಣ ದಂಟಿನ ವಾಸನೆ. ಗಗನಯಾತ್ರಿಗಳ ಬುತ್ತಿ ಮಂಡಕ್ಕಿ, ಸವಣೂರಿನ ಖಾರಾ. ಕಾಕಾನ ಮಗ ಶಿವು ನನಗಿಂತ ವರ್ಷಕ್ಕೆ ಚಿಕ್ಕವನು, ಕೆಂಪಗೆ ಗುಂಡಗೆ ಇದ್ದ. ಓಣಿಯ ಹುಡುಗರು ಅವನನ್ನು ಕ್ಯಾಪ್ಟನ್ ಮಾಡಿದ್ದರು. ನಾನು ಕರ್ರಗಿದ್ದೆ, ಕೆಟ್ಟ ಗ್ರಹದ ರಾಕ್ಷಸಿಯಾದೆ. ಇವಳಿಗೆ ಮಸಿ ಹಚ್ಚುವ ಕೆಲಸ ತಪ್ಪಿತು ಎಂದು ಎಲ್ಲರೂ ನಗುತ್ತಿದ್ದರು. ಬಂದ ಅಳುವನ್ನು ನಾನು ರಾಕ್ಷಸಿಯ ಅಬ್ಬರದಲ್ಲೇ ಮುಗಿಸುತ್ತಿದ್ದೆ.

ಶಿವುಗೂ ಸುಖವಿರಲಿಲ್ಲ. ಒಂದು ಮಧ್ಯಾಹ್ನ ಉಳಿದವರು ಬರುವ ಮೊದಲೇ ನನ್ನ ಕಿವಿಯಲ್ಲಿ, "ಅಕ್ಕಾ, ನೀ ಕ್ಯಾಪ್ಟನ್ ಆಗು. ನನಗ ರಾಣಿ ಆಗಬೇಕಂತ ಭಾಳ ಆಸೆ ಐತಿ" ಎಂದ.

ನನಗೆ ಅಷ್ಟೇ ಸಾಕಾಗಿತ್ತು. ಅವ್ವನ ಟ್ರಂಕಿನಿಂದ ಹಸಿರು ಇಳಕಲ್ ಸೀರೆ ಎಳೆದು ತಂದು ಅವನಿಗೆ ಉಡಿಸಿದೆ; ಉಡಿಸಿದ್ದೇನು, ಗಂಟು ಹಾಕಿದೆ. ಆದರೂ ಅವನ ಮುಖಕ್ಕೆ ಬಂದ ಕಳೆ ನೀವು ನೋಡಬೇಕಿತ್ತು.

ಅಷ್ಟರಲ್ಲಿ ಹುಡುಗರು ಬಂದು ಸುತ್ತ ನಿಂತು ಹಲ್ಲು ಕಿಸಿಯತೊಡಗಿದರು. ಅವರ ಹಿಂದೆಯೇ ಹೊಲದಿಂದ ಕಾಕಾ ಬಂದ. ಮನೆತನದ ಮರ್ಯಾದೆ ಕಳೆಯುತ್ತೀಯಾ ಎಂದು ಮಗನ ಮೇಲೆ ಕೈ ಎತ್ತಿಯೇ ಬಿಟ್ಟ. ಶಿವು ಓಡಲಿಲ್ಲ. ಸೀರೆಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿ ನಿಂತ.

ಕಟ್ಟೆಯ ಮೇಲೆ ಕುಳಿತಿದ್ದ ಅಜ್ಜ ಎದ್ದು ಬಂದು ಕಾಕಾನ ಕೈ ಹಿಡಿದ. ಪ್ರಾಯದಲ್ಲಿ ಅಜ್ಜ ಬಯಲಾಟದಲ್ಲಿ ಹೆಣ್ಣಿನ ಪಾತ್ರ ಮಾಡುತ್ತಿದ್ದನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ.

"ನಾ ಸೀರಿ ಉಟ್ಟು ಕುಣದಾಗ ಊರ ಮಂದಿ ಬೆಳಕ ಹರಿಯೂ ತನಕ ಕುಂತು ನೋಡತಿದ್ರು. ಆವಾಗ ಯಾರ ಮರ್ಯಾದಿ ಹೋಗಿತ್ತೋ?"

ಕಾಕಾ ಕೈ ಇಳಿಸಿದ. ಅಜ್ಜ ಆ ಮಣ್ಣಿನಲ್ಲೇ ಮಂಡಿಯೂರಿ, ನನ್ನ ಗಂಟುಗಳನ್ನೆಲ್ಲ ಬಿಚ್ಚಿ, ಒಂದೊಂದೇ ನಿರಿಗೆ ಹಿಡಿದು ಮೊಮ್ಮಗನಿಗೆ ಸೀರೆ ಉಡಿಸಿದ. ಆಮೇಲೆ ನನ್ನತ್ತ ತಿರುಗಿ, ನೀನೇಕೆ ರಾಕ್ಷಸಿ ಎಂದು ಕೇಳಿದ. ಕಪ್ಪಗಿದ್ದೇನಲ್ಲ ಎಂದೆ.

"ನಾನೂ ಕರ್ರಗ ಅದೇನಿ. ರಾಣಿ ಆಗಲಿಲ್ಲೇನು?" ಎಂದು ನಕ್ಕು, ನನ್ನನ್ನು ಎತ್ತಿ ಚಕ್ಕಡಿಯ ಮುಂದುಗಡೆ ಕೂರಿಸಿದ. ಆ ಸೂಟಿ ಮುಗಿಯುವ ತನಕ ನಾನೇ ಕ್ಯಾಪ್ಟನ್. ಹುಡುಗರು ಗೊಣಗಿದರು, ಆದರೂ ನೌಕೆ ಹತ್ತಿದರು. ಟೀವಿ ನಮ್ಮದಲ್ಲವೇ.

ಈಗ ನನ್ನ ಮಗಳ ಫೋನಿನಲ್ಲಿ ಕಪ್ಪು ಹೆಣ್ಣುಮಕ್ಕಳೇ ನೌಕೆ ನಡೆಸುತ್ತಾರೆ, ಗಂಡು ಗಂಡನ್ನೇ ಪ್ರೀತಿಸುವ ಕಥೆಗಳೂ ಬರುತ್ತವೆ. ನೋಡಿ ಹೊಟ್ಟೆ ತಣ್ಣಗಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೆ ಅವಳು ಒಬ್ಬಳೇ ಕೂತು ನೋಡುತ್ತಾಳೆ, ಆಡಲು ಓಣಿಯಿಲ್ಲ. ಅಜ್ಜನೂ ಇಲ್ಲ.

ಹೋದ ದೀಪಾವಳಿಗೆ ಶಿವು ಶಿಗ್ಗಾಂವದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ. ಚಹಾ ಕುಡಿಯುತ್ತ, ತಾನು ಮದುವೆ ಯಾಕೆ ಆಗಲಿಲ್ಲ, ಹುಬ್ಬಳ್ಳಿಯಲ್ಲಿ ಜೊತೆಗಿರುವ ಗೆಳೆಯ ತನಗೆ ಏನಾಗಬೇಕು, ಎಲ್ಲ ಹೇಳಿದ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲವಂತೆ. ನಾನು ಅವನ ಕೈ ಹಿಡಿದುಕೊಂಡೆ.

"ನಿನಗ ಹೇಳಿದ ಮ್ಯಾಲ ಹಗುರಾತು ಅಕ್ಕಾ" ಎಂದ. "ಆದರ ಅಜ್ಜ ಇದ್ದಿದ್ರ, ಮೊದಲ ಅವಗ ಹೇಳ್ತಿದ್ನಿ."