ಎಡಗೈಯ ಬಳ್ಳಿ

ಭಟ್ಕಳದ ಹಳೆಯ ಮನೆಯೊಂದರಲ್ಲಿ ಸಿಕ್ಕ ಹೂಬಳ್ಳಿ ಬರೆದ ಆರು ಗಾಜಿನ ಲೋಟಗಳನ್ನು ಶ್ರೇಯಾ ಸೀರೆಯಲ್ಲಿ ಸುತ್ತಿಕೊಂಡು ಕುಮಟೆಗೆ ತಂದಳು. ಕಾಲೇಜಿನಲ್ಲಿ ಇತಿಹಾಸ ಕಲಿಸುವ ಆಕೆ ಊರಿನ ಹಳೆಯ ವಸ್ತುಗಳ ಪ್ರದರ್ಶನಕ್ಕೆಂದು ಓಡಾಡುತ್ತಿದ್ದಳು. ಕೊಟ್ಟವರು 'ಬೆಲ್ಜಿಯಂ ಮಾಲು' ಎಂದಿದ್ದರು. ಶ್ರೇಯಾ ಕೇಳಿದ್ದು ಬೇರೆ. ಹಿಂದೆ ಕುಮಟೆಯ ಶೆಡ್ಡೊಂದರಲ್ಲಿ ಮುಂಬಯಿಯ ಸಾದಾ ಲೋಟಗಳಿಗೆ ಹೂಬಳ್ಳಿ ಬರೆದು, ಬಣ್ಣ ಗಾಜಿಗೆ ಕಚ್ಚಿಕೊಳ್ಳುವಂತೆ ಭಟ್ಟಿಯಲ್ಲಿ ಸುಡುತ್ತಿದ್ದರಂತೆ. ಅಲ್ಲಿ ದುಡಿದ ಗಂಗಿಯ ಮಗಳೇ ಮಾಲಿನಿ ಟೀಚರು.

ಅರವತ್ತೆಂಟರ ಮಾಲಿನಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಅಮ್ಮ ಬರೆದ ಒಂದು ಲೋಟವೂ ಅವರಲ್ಲಿ ಉಳಿದಿರಲಿಲ್ಲ. ಆದರೆ ಅವರಿಗೆ ಮೊದಲು ಕುಂಚ ಹಿಡಿಸಿದವಳು ಅಮ್ಮನೇ. ಆ ಕೈಯ ಓಟ ಮರೆತಿರಲಿಲ್ಲ.

"ಪ್ರದರ್ಶನದ ಚೀಟಿಯಲ್ಲಿ ನಿಮ್ಮಮ್ಮನ ಹೆಸರೇ ಬರೀತೆ, ಟೀಚರೆ," ಎಂದಳು ಶ್ರೇಯಾ, ಅವರ ಮನೆಯಲ್ಲಿ ಲೋಟಗಳನ್ನು ಬಿಚ್ಚಿಡುತ್ತಾ.

ಮಾಲಿನಿ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದರು. ಕುಂಚ ಊರಿದಲ್ಲಿ ಬಣ್ಣ ದಪ್ಪ, ಎತ್ತಿದಲ್ಲಿ ತೆಳು. ಪ್ರತಿ ಬಳ್ಳಿಯೂ ಬಲದಲ್ಲಿ ದಪ್ಪಗೆ ಶುರುವಾಗಿ ಎಡಕ್ಕೆ ತೆಳ್ಳಗಾಗಿತ್ತು. ಆರನ್ನೂ ನೋಡಿದರು. ಮತ್ತೊಮ್ಮೆ ನೋಡಿದರು. ಅಮ್ಮನದಾಗಿರಲಿ ಎಂದು ಮನಸ್ಸು ಬೇಡುತ್ತಲೇ ಇತ್ತು.

"ಇದು ಅಮ್ಮಂದಲ್ಲ," ಎಂದರು ಕೊನೆಗೆ. "ಅಮ್ಮನ ಬಳ್ಳಿ ಎಡದಿಂದ ಬಲಕ್ಕೆ ಓಡ್ತಿತ್ತು. ಇದು ಎಡಗೈಯಲ್ಲಿ ಬರ್ದದ್ದು. ಶೆಡ್ಡಲ್ಲಿ ಎಡಗೈಯವಳು ಒಬ್ಳೇ ಇದ್ಲು, ಇಲ್ಲೇ ಹೊಳೆಯಾಚೆಯ ಕಾಸರಕೋಡಿನ ಲಕ್ಕಿ. ಅಮ್ಮ ಯಾವಾಗ್ಲೂ ಹೇಳ್ತಿತ್ತು."

ಆ ಲಕ್ಕಿ ಇನ್ನೂ ಇದ್ದಾಳೆಂದು ತಿಳಿದದ್ದು ಆ ಊರಿಂದ ಮೀನು ಮಾರಲು ಬರುವವಳಿಂದ. ಮರುದಿನವೇ ಇಬ್ಬರೂ ಕಾಸರಕೋಡಿಗೆ ಹೋದರು. ಮುದುಕಿಗೆ ತೊಂಬತ್ತರ ಹತ್ತಿರ, ಕಣ್ಣು ಪೂರ್ತಿ ಮಂಜು. ಮಾಲಿನಿ ಏನೂ ಹೇಳದೆ ಲೋಟವೊಂದನ್ನು ಕೈಗಿಟ್ಟರು. ಲಕ್ಕಿ ಅದನ್ನು ಎಡಗೈಗೆ ದಾಟಿಸಿಕೊಂಡು, ಉಬ್ಬಿದ ಬಳ್ಳಿಯ ಮೇಲೆ ಹೆಬ್ಬೆರಳನ್ನು ನಿಧಾನವಾಗಿ ಸವರಿದಳು.

"ನಂದೇ," ಎಂದಳು. "ಎಡಗೈಯಲ್ಲಿ ಬರೀತೆ ಅಂತ ಸಾವ್ಕಾರ ಬೈತಿದ್ದ. ನೀ ಯಾರ ಮಗಳು?"

"ಗಂಗೀದು."

ಬೆರಳು ನಿಂತಿತು. "ಗಂಗೀದಾ? ಕೆಂಪು ಬಣ್ಣ ಅರೆಯೂದು ನಂಗೆ ಬತ್ತೇ ಇರ್ಲಿಲ್ಲ, ತಂಗಿ. ಗಂಗಿನೇ ಅರ್ದು ಕೊಡ್ತಿತ್ತು. ಇದ್ರಲ್ಲಿರೂ ಕೆಂಪೆಲ್ಲ ಅವ್ಳದು."

ಮಾಲಿನಿ ಮುದುಕಿಯ ಪಕ್ಕ ಜಗಲಿಯ ಮೇಲೆ ಕುಳಿತು, ತಾವೂ ಒಂದು ಕೆಂಪು ಎಸಳಿನ ಮೇಲೆ ಬೆರಳಿಟ್ಟರು.

ಹೊರಡುವಾಗ ಲಕ್ಕಿ ಲೋಟ ಬಿಡಲಿಲ್ಲ. ಶ್ರೇಯಾ ಕೇಳಲೂ ಇಲ್ಲ. ಪ್ರದರ್ಶನದಲ್ಲಿ ಇಟ್ಟದ್ದು ಐದೇ ಲೋಟ; ಚೀಟಿಯಲ್ಲಿ ಎರಡು ಹೆಸರು.