ಭದ್ರಣ್ಣನ ಪೆಟ್ಟಿಗೆಯನ್ನು ಮೇಸ್ತ್ರಿ ಒಪ್ಪಲಿಲ್ಲ

ನನ್ನ ಗೆಳೆಯ ಪೆಟ್ಟಿಗೆ ಮಾಡುತ್ತಿದ್ದ. ದೂರದೂರಿಗೆ ಹೋಗುವ ಸಾಮಾನನ್ನು ಮರದ ಪೆಟ್ಟಿಗೆಯಲ್ಲಿ ಕೂರಿಸಿ, ಸುತ್ತ ಮೆತ್ತನೆಯದೇನಾದರೂ ತುರುಕಿ, ಮುಚ್ಚಳ ಜಡಿದು ಕಳಿಸುವುದು ಅವನ ಕಸುಬು. ಯಾರು ಏನು ತಂದುಕೊಟ್ಟರೂ "ಭದ್ರವಾಗಿ ತಲುಪುತ್ತೆ ಬಿಡಿ" ಎನ್ನುತ್ತಿದ್ದನಾದ್ದರಿಂದ ಇಡೀ ಬೀದಿಗೆ ಅವನು ಭದ್ರಣ್ಣ. ಸಿಟ್ಟು ಬಂದಾಗ ಅವನ ಹೆಂಡತಿ, ನಾನು ಅತ್ತಿಗೆ ಎನ್ನುತ್ತಿದ್ದವರು, ಅವರೂ ಹಾಗೇ ಕರೆಯುತ್ತಿದ್ದರು.

ಭದ್ರ ಎಂದರೆ ನಾಲ್ಕು ಮೊಳೆ ಸಾಕಾಗುವಲ್ಲಿ ಹತ್ತು ಹೊಡೆಯುವಷ್ಟು ಭದ್ರ. ಸಾಮಾನು ಕ್ಷೇಮವಾಗಿ ತಲುಪುತ್ತಿತ್ತು, ಅದರಲ್ಲಿ ಎರಡು ಮಾತಿಲ್ಲ. ತಲುಪಿದ ಮೇಲೆ ಅದನ್ನು ಹೊರಗೆ ತೆಗೆಯುವವರ ಪಾಡೇನು ಎಂಬುದು ಮಾತ್ರ ಅವನ ತಲೆಗೆ ಹೋಗುತ್ತಿರಲಿಲ್ಲ. ಒಬ್ಬ ಗಿರಾಕಿ ತನ್ನ ಹೊಲಿಗೆ ಯಂತ್ರವನ್ನು ನೋಡಲು ಗರಗಸ ತರಿಸಬೇಕಾಯಿತಂತೆ. ಇನ್ನೊಬ್ಬಾಕೆ ಪೆಟ್ಟಿಗೆ ಬಿಚ್ಚಲಾಗದೆ ಸೋತು, ಅದರ ಮೇಲೆ ಬಟ್ಟೆ ಹಾಸಿ ಮೇಜು ಮಾಡಿಕೊಂಡರಂತೆ. ಇಂಥ ಕತೆ ಕೇಳಿದರೆ ಭದ್ರಣ್ಣನಿಗೆ ನಾಚಿಕೆಯಾಗುವ ಬದಲು ಎದೆ ಉಬ್ಬುತ್ತಿತ್ತು.

ಒಂದೇ ಕಟ್ಟಡದಲ್ಲಿ ಅವನ ಮನೆ ಕೆಳಗೆ, ನನ್ನದು ಮೇಲೆ. ನನ್ನ ಹಳೆಯ ಪತ್ರಿಕೆಗಳೆಲ್ಲ ಅವನ ಪೆಟ್ಟಿಗೆಗಳ ಹೊಟ್ಟೆ ಸೇರುತ್ತಿದ್ದವು. ಹಳೆಯವು ಮುಗಿದರೆ ಹೊಸವನ್ನೂ ಬಿಡುತ್ತಿರಲಿಲ್ಲ. ನಾನು ತಿಂಗಳುಗಟ್ಟಲೆ ಕಾದು ಓದಿದ ಧಾರಾವಾಹಿಯೊಂದರ ಕೊನೆಯ ಕಂತು ಈಗ ಸಮುದ್ರದಾಚೆ ಎಲ್ಲೋ, ಯಾರದೋ ಪಿಂಗಾಣಿ ತಟ್ಟೆಗಳ ನಡುವೆ ಇದೆ. ಜಗಳ ಆಡಲು ಹೋದರೆ, "ಕೊನೇಲಿ ಮದುವೆ ಆಗುತ್ತೆ ಬಿಡೋ, ಇನ್ನೇನಾಗುತ್ತೆ" ಅಂದಿದ್ದ.

ಅಂಗಡಿಯಲ್ಲಿ ಅವನ ಜೊತೆಗಾರ ಮೇಸ್ತ್ರಿ. ಭದ್ರಣ್ಣ ಸಾಮಾನು ಕಳಿಸುವವನು, ಮೇಸ್ತ್ರಿ ಬಂದದ್ದನ್ನು ಇಳಿಸಿಕೊಳ್ಳುವವನು. ಇಬ್ಬರೂ ದಿನವಿಡೀ ಕಿತ್ತಾಡುತ್ತಿದ್ದರು. ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು: ಮೂಲೆ ಜಜ್ಜಿದ ಪೆಟ್ಟಿಗೆಯನ್ನು ಯಾವ ಕಾರಣಕ್ಕೂ ಸುಮ್ಮನೆ ಒಪ್ಪಿಕೊಳ್ಳಬಾರದು. ತಂದವರು ಎಷ್ಟೇ ಅವಸರ ಮಾಡಲಿ, ಗೋಗರೆಯಲಿ, ಒಪ್ಪಬಾರದು.

ಭದ್ರಣ್ಣನನ್ನು ವಿಮಾನ ಹತ್ತಿಸಿದ್ದೂ ಅವನ ಮೊಳೆಗಳೇ. ಹಳೆಯ ನಾಟಕಶಾಲೆಯೊಂದರ ಗಾಜಿನ ತೂಗುದೀಪವನ್ನು ಹೊರದೇಶದವರು ಕೊಂಡರು. ಇವನು ಅದರ ಹರಳುಗಳನ್ನು ಒಂದೊಂದಾಗಿ ಸುತ್ತಿ ಪೆಟ್ಟಿಗೆಗಳಲ್ಲಿ ತುಂಬಿ ಕಳಿಸಿದ. ಅವರು ಅಲ್ಲಿ ಮುಚ್ಚಳಕ್ಕೆ ಕೈ ಹಾಕಿ ನೋಡಿ, ದಯವಿಟ್ಟು ಇದನ್ನು ಜಡಿದವನನ್ನೇ ಕಳಿಸಿಕೊಡಿ ಎಂದರು. ಅಲ್ಲಿಯವರೆಗೆ ವಿಮಾನವನ್ನು ಕೆಳಗಿನಿಂದಷ್ಟೇ ನೋಡಿದ್ದವನು ಹೊಸ ಶೂ ಹಾಕಿಕೊಂಡು ಹೊರಟ. ಅಲ್ಲಿಂದ ಫೋನು ಮಾಡಿ, "ಒಂದೇ ಒಂದು ಹರಳೂ ಒಡೆದಿಲ್ಲ ಕಣೋ! ಎಲ್ಲರೂ ಚಪ್ಪಾಳೆ ತಟ್ಟಿದ್ರು. ಊಟ ಮಾತ್ರ ಬಾಯಿಗಿಡೋ ಹಾಗಿಲ್ಲ" ಎಂದ.

ಮರುದಿನ ಬೆಳಿಗ್ಗೆ ಹೋಟೆಲಿನವರು ಬಾಗಿಲು ತೆಗೆದಾಗ ಕುರ್ಚಿಯಲ್ಲಿ ಕೂತಿದ್ದನಂತೆ, ಬಿಚ್ಚಿದ ಒಂದು ಶೂ ಕೈಯಲ್ಲಿ ಹಿಡಿದುಕೊಂಡು. ಹೃದಯ ನಿಂತುಹೋಗಿತ್ತು.

ಸುದ್ದಿ ಬಂದಾಗ ಅತ್ತಿಗೆ ಅಳಲಿಲ್ಲ. ನಂಬಿದ್ದರೆ ತಾನೇ ಅಳುವುದು?

"ಅಲ್ಲಿ ಬೇರೆ ಯಾರೋ ತೀರಿಹೋಗಿರಬೇಕು," ಎಂದರು. "ಇವರೇ ಅಂತ ಯಾರು ನೋಡಿದ್ದಾರೆ? ಇವರ ಪರ್ಸು, ಇವರ ಕಾಗದ ಎಲ್ಲೆಲ್ಲಿ ಬಿದ್ದಿರುತ್ತೆ ಅಂತ ನನಗೆ ಗೊತ್ತಿಲ್ವಾ? ಯಾರ ಕೋಣೇಲಿ ಮರೆತು ಬಂದಿದ್ದಾರೋ."

ಶವ ಕಳಿಸುವ ಕಂಪನಿಯವರು ಫೋನಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟರು: ಪೆಟ್ಟಿಗೆಗೆ ಮೊಹರು ಹಾಕಿರುತ್ತದೆ, ಬಿಚ್ಚುವಂತಿಲ್ಲ, ಬಂದದ್ದು ಬಂದ ಹಾಗೇ ಮಣ್ಣಾಗಬೇಕು. ಇದನ್ನು ಅತ್ತಿಗೆಗೆ ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು.

"ಅಂದ್ರೆ ನಾನು ಪೆಟ್ಟಿಗೆ ನೋಡ್ಕೊಂಡು ಅಳಬೇಕಾ?" ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಕೇಳಿದರು. "ಮದುವೆ ಆದಾಗಿನಿಂದ ಪೆಟ್ಟಿಗೆ ನೋಡಿದ್ದು ಸಾಲದಾ ನನಗೆ? ಒಂದೇ ಒಂದು ಸಲ ಮುಖ ತೋರಿಸಿ. ಆಮೇಲೆ ನೀವು ಕೂತ್ಕೋ ಅಂದ್ರೆ ಕೂತ್ಕೋತೀನಿ, ಅಳು ಅಂದ್ರೆ ಅಳ್ತೀನಿ."

ತೋರಿಸುತ್ತೇನೆ ಎಂದುಬಿಟ್ಟೆ. ಹೇಗೆಂದು ನನಗೇ ಗೊತ್ತಿರಲಿಲ್ಲ. ಕಂಪನಿಗೆ ಮತ್ತೆ ಫೋನು ಮಾಡಿದೆ, ಅದೇ ಉತ್ತರ. ಪೆಟ್ಟಿಗೆ ಬಂದಿಳಿಯುವ ಗೋದಾಮಿನ ಕಚೇರಿಗೆ ಮಾಡಿದೆ, ಅಲ್ಲೂ ಅದೇ.

ಪೆಟ್ಟಿಗೆ ಬರುವ ದಿನ ಅತ್ತಿಗೆ ಯಾರ ಮಾತೂ ಕೇಳದೆ ವ್ಯಾನಿನ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. "ಬಂದಿರೋದು ಇವರಲ್ಲದೆ ಇದ್ರೆ ಅಲ್ಲಿಂದಲೇ ವಾಪಸ್ ಕಳಿಸಬೇಕಲ್ಲ," ಎಂದರು. ನಾನೂ ಮೇಸ್ತ್ರಿಯೂ ಹಿಂದೆ ಕೂತೆವು.

ವಿಮಾನ ನಿಲ್ದಾಣದ ಸರಕು ಗೋದಾಮು ಎತ್ತರದ ತಗಡಿನ ಮಾಡಿನ ಕೆಳಗೆ ಗದ್ದಲವೋ ಗದ್ದಲ. ಫ್ರಿಜ್ಜುಗಳ ಡಬ್ಬಗಳಿಗೂ ಬೈಸಿಕಲ್ಲುಗಳ ಕಟ್ಟಿಗೂ ಮಧ್ಯದಿಂದ ಫೋರ್ಕ್‌ಲಿಫ್ಟ್ ಒಂದು ಉದ್ದನೆಯ ಪೆಟ್ಟಿಗೆಯನ್ನು ತಂದು ನಮ್ಮೆದುರು ಇಳಿಸಿತು. ಮೇಸ್ತ್ರಿ ಹತ್ತಿರ ಹೋದ. ಪೆಟ್ಟಿಗೆಯ ಸುತ್ತ ಒಂದು ಸುತ್ತು ಬಂದ, ಹಲಗೆಯನ್ನು ಬೆರಳಿನಿಂದ ಕುಟ್ಟಿದ, ಮಂಡಿಯೂರಿ ತಳ ನೋಡಿದ.

"ಪ್ಲೈವುಡ್ಡು! ಅದೂ ತೆಳ್ಳಂದು. ಅಡ್ಡಪಟ್ಟಿ ಎಲ್ಲಿ? ನಮ್ಮ ಭದ್ರಣ್ಣನ್ನ ಇದರಲ್ಲಿ ಹಾಕಿ ಕಳಿಸಿದ್ದಾರಲ್ಲ, ಮಾನ ಮರ್ಯಾದೆ ಬೇಡ್ವಾ ಇವರಿಗೆ?"

"ಇಲ್ಲಿ ಸಹಿ ಹಾಕಿ," ಎಂದ ಗೋದಾಮಿನ ಗುಮಾಸ್ತ.

ಅಷ್ಟರಲ್ಲಿ ಮೇಸ್ತ್ರಿಯ ಕೈ ಕಾಲ್ದೆಸೆಯ ಒಂದು ಮೂಲೆಗೆ ತಗುಲಿತ್ತು. ಅಲ್ಲಿ ಹಲಗೆ ಒಳಕ್ಕೆ ಜಜ್ಜಿಹೋಗಿತ್ತು. ಅವನು ಎದ್ದುನಿಂತು, ಎದೆ ಸೆಟೆಸಿ, ಅಂಗಡಿಯಲ್ಲಿ ಲಾರಿಯವರ ಮೇಲೆ ಎಗರುವ ದನಿಯಲ್ಲಿ ಹೇಳಿದ:

"ಮೂಲೆ ಜಖಂ ಆಗಿದೆ. ಇದನ್ನ ನಾವು ಒಪ್ಪಲ್ಲ. ವಾಪಸ್ ತಗೊಳ್ಳಿ!"

ನಾನು ಅವನ ರಟ್ಟೆ ಚಿವುಟಿದೆ. "ಮೇಸ್ತ್ರೀ! ಒಳಗಿರೋದು ತೂಗುದೀಪ ಅಲ್ಲ!"

ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಬಾಯಿತಪ್ಪಿ ಬಂತು ಸಾರ್. ಒಪ್ತೀವಿ, ಒಪ್ತೀವಿ, ಕೊಡಿ ಪೆನ್ನು."

ಗುಮಾಸ್ತ ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟಿದ್ದ. "ಜಖಂ ಅಂತ ಎಲ್ಲರೆದುರು ಕೂಗಿ ಹೇಳಿದ್ರಿ. ಇನ್ನು ನಾನು ಹಾಗೇ ಕೊಡೋ ಹಾಗಿಲ್ಲ. ನಾಳೆ ನೀವೇ ಬಂದು ಗಲಾಟೆ ಮಾಡಿದ್ರೆ ನನ್ನ ಕುತ್ತಿಗೆಗೆ ಬರುತ್ತೆ."

"ಅದು ಪೆಟ್ಟೇ ಅಲ್ಲ ಸಾರ್! ಅದು... ಅಲ್ಲಿಯವರ ಡಿಸೈನೇ ಹಾಗೆ!" ಎನ್ನುತ್ತ ಮೇಸ್ತ್ರಿ ಅತ್ತೇಬಿಟ್ಟ. ಗೆಳೆಯ ಸತ್ತ ಮೇಲೆ ಅವನು ಅತ್ತಿದ್ದು ಅದೇ ಮೊದಲು.

ಈ ಪೆಟ್ಟಿಗೆ ಮತ್ತೆ ಫ್ರಿಜ್ಜುಗಳ ಹಿಂದೆ ಸರಿಯುತ್ತದೆ, ಅತ್ತಿಗೆ ಬರಿಗೈಯಲ್ಲಿ ಮನೆಗೆ ಹೋಗಬೇಕಾಗುತ್ತದೆ ಎಂದುಕೊಂಡೆ. "ಈಗ ಏನು ಮಾಡಬೇಕು?" ಎಂದು ಕೇಳಿದೆ.

"ಏನಿದೆ ಮಾಡೋಕೆ. ಸೂಪರ್‌ವೈಸರ್ ಬರಬೇಕು. ಹೊರಗಿನ ಪೆಟ್ಟಿಗೆ ಬಿಚ್ಚಬೇಕು. ಒಳಗಿರೋದಕ್ಕೆ ಏನೂ ಆಗಿಲ್ಲ ಅಂತ ವಾರಸುದಾರರು ಕಣ್ಣಾರೆ ನೋಡಿ ಹೇಳಬೇಕು. ಜಖಂ ಆದ ಸರಕಿಗೆ ಅದೇ ನಿಯಮ. ವಾರಸುದಾರರು ಯಾರು?"

"ನಾನು," ಎಂದರು ಅತ್ತಿಗೆ. ವ್ಯಾನಿನಿಂದ ಯಾವಾಗ ಇಳಿದು ಬಂದಿದ್ದರೋ, ನನ್ನ ಬೆನ್ನ ಹಿಂದೆಯೇ ಇದ್ದರು.

ಸೂಪರ್‌ವೈಸರ್ ಬಂದರು. ತಲೆ ನೆರೆತ, ನಿದ್ದೆಗೆಟ್ಟಂತೆ ಕಾಣುವ ಮನುಷ್ಯ. ಮೇಸ್ತ್ರಿ ಕಣ್ಣೊರೆಸಿಕೊಂಡು ಮೊಳೆ ಕೀಳಲು ಕೂತ. ಒಂದೊಂದು ಮೊಳೆಯೂ ಎಷ್ಟು ಸಲೀಸಾಗಿ ಬಂತೆಂದರೆ ಅವನು ಪ್ರತಿಯೊಂದನ್ನೂ ನಮಗೆ ಎತ್ತಿ ತೋರಿಸಿ ತಲೆ ಆಡಿಸಿದ. ಒಳಗೆ ಬೆಸುಗೆ ಹಾಕಿದ ತಗಡಿನ ಶವಪೆಟ್ಟಿಗೆ. ಅದಕ್ಕೊಂದು ಗೀರೂ ಆಗಿರಲಿಲ್ಲ. ತಲೆಯ ಕಡೆ, ಅಂಗೈ ಅಗಲದ ಗಾಜಿನ ಕಿಂಡಿ, ಅದರ ಮೇಲೆ ಸರಿಸುವ ಮುಚ್ಚಳ.

ಸೂಪರ್‌ವೈಸರ್ ಅತ್ತಿಗೆಯ ಮುಖ ನೋಡಿದರು, ನನ್ನ ಮುಖ ನೋಡಿದರು. "ಗಾಜು ಒಡೆದಿಲ್ಲ ಅಂತಲೂ ನೋಡಬೇಕಲ್ಲ," ಎಂದು ತಾವೇ ಮುಚ್ಚಳ ಸರಿಸಿ, ಫೋರ್ಕ್‌ಲಿಫ್ಟಿನವನಿಗೆ ಎಂಜಿನ್ ಆರಿಸಲು ಹೇಳಿ ದೂರ ಹೋಗಿ ನಿಂತರು.

ಅತ್ತಿಗೆ ಬಗ್ಗಿದರು. ಸೆರಗಿನಿಂದ ಗಾಜು ಒರೆಸಿ ನೋಡಿದರು.

"ಬೈತಲೆ ಬಲಕ್ಕೆ ತೆಗೆದಿದ್ದಾರೆ," ಎಂದರು. "ಇವರು ಎಡಕ್ಕೆ ತೆಗೀತಿದ್ರು."

ನಾನು ಹತ್ತಿರ ಸರಿದೆ. "ಅತ್ತಿಗೆ... ಅವನಲ್ವಾ?"

"ಅವರಲ್ಲದೆ ಇನ್ಯಾರು? ಈ ಮೂಗನ್ನ ದೇವರು ಇನ್ನೊಬ್ಬರಿಗೆ ಕೊಟ್ಟಿರ್ತಾನಾ?" ಗಾಜಿನ ಮೇಲೆ ಬೆರಳಿಟ್ಟು ಅವನನ್ನೇ ಗದರಿದರು. "ಯಾರೋ ತಲೆ ಉಲ್ಟಾ ಬಾಚ್ತಾರೆ, ನೀವು ಸುಮ್ಮನೆ ಬಾಚಿಸ್ಕೊಂಡು ಮಲಗಿದ್ದೀರಿ. ನನ್ನ ಹತ್ರ ಮಾತ್ರ ಇದು ಬೇಡ, ಅದು ಬೇಡ ಅಂತ..."

ಮಾತು ಅಲ್ಲಿಗೇ ನಿಂತು ಅಳು ಬಂತು. ಬಿಚ್ಚಿಟ್ಟ ಹಲಗೆಗಳ ಮೇಲೆಯೇ ಕೂತು, ಸೆರಗು ಬಾಯಿಗೊತ್ತಿಕೊಂಡು ಅತ್ತರು. ಗುಮಾಸ್ತ ಎಲ್ಲಿಂದಲೋ ಒಂದು ಲೋಟ ನೀರು ತಂದು ಕೈಯಲ್ಲಿ ಹಿಡಿದು ನಿಂತೇ ಇದ್ದ.

ಅಳು ಇಳಿಯುವವರೆಗೂ ಕಾದು ಸೂಪರ್‌ವೈಸರ್ ಹತ್ತಿರ ಬಂದರು. "ಏನಮ್ಮಾ, ಒಳಗೆ ಎಲ್ಲ ಸರಿ ಇದೆ ಅಂತ ಹೇಳಬಹುದಾ?"

ಅತ್ತಿಗೆ ಮೂಗೊರೆಸಿಕೊಂಡು ಎದ್ದರು.

"ನಮ್ಮವರೇ," ಎಂದರು. "ಕೊಡಿ, ಕರ್ಕೊಂಡು ಹೋಗ್ತೀನಿ."