ದೇವಿಯ ಬಾಗಿಲಿಗೆ ಎಷ್ಟು ಮೊಳ?

ತಾರಸಿಯ ಮೇಲೆ ಹಳೆಯ ಪಂಚೆ ಹಾಸಿಕೊಂಡು ಅಕ್ಕಿ ಸಂಡಿಗೆ ಒತ್ತುತ್ತಿದ್ದೆ. ಎರಡೂ ಕೈ ಹಿಟ್ಟು. ಮಗಳು ಸಿಂಚನಾ ಮೆಟ್ಟಿಲು ಹತ್ತಿ ಓಡಿ ಬಂದಳು. ಅವತ್ತು ಅವಳ ಪಿಯುಸಿ ರಿಸಲ್ಟ್.

"ಮ್ಯಾಥ್ಸ್ ಈ ಸಲಾನೂ ಹೋಯ್ತೇನೇ?"

"ಪಾಸ್ ಕಣಮ್ಮಾ."

ಆಮೇಲೆ ಒತ್ತಿದ ಸಂಡಿಗೆಗಳಿಗೆ ಆಕಾರವೇ ಇರಲಿಲ್ಲ. ಇರಲಿ, ಎಣ್ಣೆಗೆ ಬಿದ್ದಮೇಲೆ ಎಲ್ಲವೂ ಅರಳುತ್ತವೆ.

(ಪಿಯುಸಿ ಮಕ್ಕಳಿರುವ ಮನೆಯವರಿಗೆ ಈ ಒಂದು ಪದದ ಬೆಲೆ ಗೊತ್ತು. ಮಿಕ್ಕವರು ನನ್ನ ಮಾತು ನಂಬಿ.)

ಮೊದಲ ಸಲ ಬರೆದಾಗ ಅವಳು ಗಣಿತದಲ್ಲಿ ಮಾತ್ರ ಫೇಲಾಗಿದ್ದಳು. ಊಟ ಬಿಟ್ಟು ಗೋಡೆ ನೋಡುತ್ತಾ ಕೂತ ಮಗಳನ್ನು ಕಂಡು ತಡೆಯಲಾಗದೆ, ದುರ್ಗಿಗುಡಿ ಬಡಾವಣೆಯ ನಮ್ಮ ಬೀದಿಯಲ್ಲೇ ಇರುವ ಸಣ್ಣ ಗುಡಿಗೆ ಹೋಗಿ ದೇವಿಗೆ ಹರಕೆ ಹೊತ್ತಿದ್ದೆ. ಇವಳು ಪಾಸಾದರೆ ಗರ್ಭಗುಡಿಯ ಬಾಗಿಲಿಗೆ ಸೇವಂತಿಗೆ ಮಾಲೆ. ಹೊಸಿಲಿನ ಈ ತುದಿಯಿಂದ ಹೊರಟು, ಕಮಾನು ಸುತ್ತಿ, ಆ ತುದಿಗೆ ಇಳಿಯಬೇಕು. ಒಂದೇ ಮಾಲೆ. ತುಂಡು ಸೇರಿಸಿ ಗಂಟು ಹಾಕುವಂತಿಲ್ಲ.

ಹೇಳಿಬಿಟ್ಟೆ. ಹರಕೆ ಹೊರುವಾಗ ಯಾರಾದರೂ ಟೇಪು ಹಿಡಿದುಕೊಂಡು ಹೋಗುತ್ತಾರೆಯೇ?

ಈಗ ಅಳತೆ ಬೇಕಾಯಿತು. ಅರ್ಚಕರಿಗೆ ಒಂದು ನೂಲುಂಡೆ ಕೊಟ್ಟರೆ ಮುಗಿಯಿತಲ್ಲ ಎಂದೆ. ಸಿಂಚನಾ ಕೇಳಲಿಲ್ಲ. ಕಾಲೇಜಿನಲ್ಲಿ ಮೇಷ್ಟ್ರು ಜಾಮಿಟ್ರಿ ಸಾಫ್ಟ್‌ವೇರ್ ತೋರಿಸಿದ್ದಾರಂತೆ. ಫೋಟೋ ತೆಗೆದು ಅದರ ಮೇಲೆ ಗೆರೆ ಎಳೆದು ಕಮಾಂಡ್ ಕೊಟ್ಟರೆ ಉದ್ದ ತಾನಾಗಿ ಬರುತ್ತದಂತೆ. "ಈಗಷ್ಟೇ ಪಾಸಾಗಿದ್ದೀನಿ ಕಣಮ್ಮ, ಅಳೆಯೋಕೆ ಬಿಡು" ಎಂದಳು. ಗಣಿತದ ಹೆಸರೆತ್ತಿದರೆ ಮುಖ ತಿರುಗಿಸುತ್ತಿದ್ದವಳು ತಾನಾಗಿ ಕೇಳುತ್ತಿದ್ದಾಳೆ. ಬೇಡ ಎನ್ನಲು ನನಗೇನು ತಲೆ ಕೆಟ್ಟಿದೆಯೇ?

ಗುಡಿಯಲ್ಲಿ ಬಾಗಿಲ ಪಕ್ಕದ ಗೋಡೆಗೆ ನನ್ನ ಕೈಯನ್ನು ಮೊಣಕೈಯಿಂದ ಬೆರಳ ತುದಿವರೆಗೆ ನೆಟ್ಟಗೆ ಹಿಡಿಸಿ ಫೋಟೋ ತೆಗೆದಳು. ಫೋಟೋದಲ್ಲಿ ಅಷ್ಟುದ್ದ ಎಂದರೆ ಒಂದು ಮೊಳ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಬಾಗಿಲಿನ ಸುತ್ತ ಚುಕ್ಕಿ ಇಟ್ಟಳು, ಥೇಟ್ ರಂಗೋಲಿ. ಚುಕ್ಕಿಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಸೇರಿಸಿ, ಲೆಂಗ್ತ್ ಎಂದು ಟೈಪ್ ಮಾಡಿದಳು.

ಉತ್ತರ ಬಂತು. ಒಂಬತ್ತು.

ಒಂಬತ್ತು ಎಂದರೆ ದೇವಿಯದೇ ಸಂಖ್ಯೆ, ನವರಾತ್ರಿಯ ಲೆಕ್ಕ. ನಾನು ಪರದೆಗೇ ಕೈ ಮುಗಿದುಬಿಟ್ಟೆ. ಕೈ ಮುಗಿದಮೇಲೆ ಮತ್ತೆ ಸರಿಯೋ ತಪ್ಪೋ ನೋಡುವವರುಂಟೇ? ಭದ್ರಾವತಿಯಲ್ಲಿರುವ ನಮ್ಮಕ್ಕನಿಗೆ ಆಗಲೇ ಫೋನ್ ಮಾಡಿ, ಶುಕ್ರವಾರಕ್ಕೆ ಒಂಬತ್ತು ಮೊಳ ಕಟ್ಟಿ ತಾ ಎಂದೆ.

ಅಕ್ಕನ ಬಗ್ಗೆ ಎರಡು ಮಾತು ಹೇಳಬೇಕು. ಹೂ ಕಟ್ಟುವುದರಲ್ಲಿ ಅವಳನ್ನು ಮೀರಿಸಿದವರು ನಮ್ಮ ಪೈಕಿ ಇಲ್ಲ. ಎತ್ತರದಲ್ಲಿಯೂ ಇಲ್ಲ. ನೋಡಲು ಬಂದ ಗಂಡಿನ ಕಡೆಯವರು ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಹುಡುಗಿ ಎತ್ತರ ಜಾಸ್ತಿಯಾಯಿತು ಎಂದು ಎದ್ದು ಹೋಗುತ್ತಿದ್ದ ಕಾಲವೊಂದಿತ್ತು.

ಶುಕ್ರವಾರ ಬೆಳಗ್ಗೆ ಸಿಂಚನಾ, ದೊಡ್ಡಮ್ಮ ಬಂದಮೇಲೆ ತೋರಿಸಲೆಂದು ಲ್ಯಾಪ್‌ಟಾಪ್ ತೆರೆದಳು. ಕಮಾನಿನ ಬಾಗು ಚೂಪಾಗಿ ಕಾಣುತ್ತದೆ ಎಂದು ಇನ್ನೊಂದು ಚುಕ್ಕಿ ಸೇರಿಸಿದಳು. ಉತ್ತರ ಹತ್ತಾಯಿತು. ಮತ್ತೊಂದು ಸೇರಿಸಿದಳು. ಹನ್ನೊಂದು.

ಒಂದು ಚುಕ್ಕಿ ಇಟ್ಟರೆ ದೇವಿಯ ಬಾಗಿಲು ಒಂದು ಮೊಳ ಬೆಳೆಯುತ್ತದೆಯೇ?

ಅವಳೇ ಹುಡುಕಿ ಕಂಡುಹಿಡಿದ ವಿಷಯ ಇಷ್ಟು. ಅದೇ ಕಮಾಂಡಿಗೆ ಗೆರೆ ಕೊಟ್ಟರೆ ಉದ್ದ ಹೇಳುತ್ತದೆ. ಪಟ್ಟಿ ಕೊಟ್ಟರೆ ಅದರಲ್ಲಿ ಎಷ್ಟಿವೆ ಎಂದು ಎಣಿಸಿ ಹೇಳುತ್ತದೆ. ಪದ ಕೊಟ್ಟರೆ ಅಕ್ಷರ ಎಣಿಸುತ್ತದಂತೆ. ಇವಳು ಚುಕ್ಕಿಗಳನ್ನು ಗೆರೆಯಾಗಿ ಸೇರಿಸದೆ ಹಾಗೇ ಕೊಟ್ಟಿದ್ದಳು. ಅದು ಪಾಪ, ಚುಕ್ಕಿ ಎಣಿಸಿ ಒಂಬತ್ತು ಎಂದಿತ್ತು. ಅದನ್ನು ಬೈದು ಏನು ಪ್ರಯೋಜನ? ನಾವೇನು ಬೇರೆಯೇ? ಮದುವೆ ಎಷ್ಟು ದೊಡ್ಡದಾಯಿತು ಎಂದರೆ ಊಟದ ಎಲೆ ಎಣಿಸುತ್ತೇವೆ. ಗಾಜನೂರು ಎಷ್ಟು ದೂರ ಎಂದರೆ "ಬಸ್ಸಿಗೆ ಅರ್ಧ ಗಂಟೆ" ಎನ್ನುತ್ತೇವೆ.

ಗೆರೆ ಸೇರಿಸಿ ಮತ್ತೆ ಲೆಕ್ಕ ಹಾಕಿದಳು. ಹತ್ತೂವರೆ ಮೊಳ. ಅಂದರೆ ಕಟ್ಟಿಸಿದ ಮಾಲೆ ಒಂದೂವರೆ ಮೊಳ ಕಡಿಮೆ. ಗಂಟು ಹಾಕುವಂತಿಲ್ಲ ಎಂದು ದೇವಿಗೆ ಹೇಳಿದವಳು ನಾನೇ.

ಅಕ್ಕನಿಗೆ ಫೋನ್ ಮಾಡಿದೆ. ಬಸ್ಸಿನ ಸದ್ದಿನಲ್ಲಿ ಅವಳಿಗೆ ನನ್ನ ಮಾತು ಅರ್ಧವೂ ಕೇಳಿಸಲಿಲ್ಲ. "ಬುಟ್ಟಿ ತೊಡೆ ಮೇಲಿದೆ, ಬರ್ತಿದ್ದೀನಿ, ಸುಮ್ನಿರೇ" ಎಂದು ಇಟ್ಟುಬಿಟ್ಟಳು.

ಇತ್ತ ಮಗಳ ಮುಖ ಬಾಡಿತ್ತು. "ಪಾಸಾದ್ರೂ ನಂಗೆ ಲೆಕ್ಕ ಬರಲ್ಲ ಬಿಡಮ್ಮ" ಎಂದಳು. ಮಾಲೆಗಿಂತ ಆ ಮಾತು ನನಗೆ ಹೆಚ್ಚು ಚುಚ್ಚಿತು. ತಪ್ಪು ಎಲ್ಲಿದೆ ಎಂದು ಹುಡುಕಿದವಳೂ ನೀನೇ ಅಲ್ಲವೇನೇ, ಲೆಕ್ಕ ಬರದವಳಿಗೆ ಅದು ಸಿಗುತ್ತದೆಯೇ ಎಂದು ಸಮಾಧಾನ ಹೇಳಿ ಎಳೆದುಕೊಂಡು ಹೋದೆ.

ಅಕ್ಕ ಬಸ್ಸಿಳಿದು ಬುಟ್ಟಿಯೊಂದಿಗೆ ನೇರ ಗುಡಿಗೇ ಬಂದಿದ್ದಳು. ಅರ್ಚಕರು ಸ್ಟೂಲು ಹತ್ತಿ ಮಾಲೆಯ ನಡುಭಾಗವನ್ನು ಕಮಾನಿನ ಮೊಳೆಗೆ ಸಿಕ್ಕಿಸಿದರು. ಎರಡೂ ಬದಿಗೆ ಇಳಿಬಿಡತೊಡಗಿದರು. ನಾನು ಕಣ್ಣು ಮುಚ್ಚಿಕೊಂಡೆ, ತಾಯೀ, ಮಗುವಿನ ಮುಖ ನೋಡು ಎಂದು. ಸಿಂಚನಾ ನನ್ನ ಸೆರಗು ಜಗ್ಗಿದಳು.

ಕಣ್ಣು ಬಿಟ್ಟೆ. ಎರಡು ತುದಿಯೂ ಹೊಸಿಲು ಮುಟ್ಟಿದ್ದವು. ಬಲಗಡೆ ಎರಡು ಹೂ ಹೊಸಿಲ ಮೇಲೆ ಒರಗಿಯೂ ಇದ್ದವು.

ಎಷ್ಟು ಕಟ್ಟಿದೆ ಎಂದು ಅಕ್ಕನನ್ನು ಕೇಳಿದೆ. "ಒಂಬತ್ತು ಅಂದ್ಯಲ್ಲ, ಒಂಬತ್ತೇ. ದೇವ್ರಿಗೆ ಅಂತ ಕೊನೇಲಿ ಒಂಚೂರು ಕೊಸರು ಹಾಕಿದ್ದೀನಿ."

ಸಿಂಚನಾ ಅಲ್ಲೇ ನಮ್ಮಿಬ್ಬರ ಮೊಣಕೈ ಜೋಡಿಸಿ ಹಿಡಿದು ನೋಡಿದಳು. ನನ್ನ ಬೆರಳು ಮುಗಿದಮೇಲೂ ಅಕ್ಕನ ಬೆರಳು ಮುಂದಕ್ಕೆ ಹೋಗಿತ್ತು.

"ಯೂನಿಟ್ಟೇ ಬೇರೆ ಕಣಮ್ಮ" ಎಂದು ನಕ್ಕಳು. ಮುಖ ಅರಳಿತ್ತು.

ಅಕ್ಕ ತನ್ನ ಕೈಯನ್ನು ತಾನೇ ಹೊರಳಿಸಿ ನೋಡಿಕೊಂಡಳು. "ಈ ಉದ್ದಾನ ನೋಡಿ ಎಷ್ಟು ಜನ ಎದ್ದು ಹೋಗಿದ್ರೇ ಮಾರಾಯ್ತಿ."

ಮನೆಗೆ ಬಂದು ಕಾಫಿ ಕುಡಿಯುವಾಗ ವಾದ ಶುರುವಾಯಿತು. ದೇವಿ ನಡೆಸಿಕೊಟ್ಟಳು ಎಂದು ನಾನು. ದೊಡ್ಡಮ್ಮನ ಕೈ ಉದ್ದ, ಜೊತೆಗೆ ಕೊಸರು, ಅಷ್ಟೇ ಎಂದು ಮಗಳು.

ಸರಿಯಮ್ಮ, ಆ ಕೈಯನ್ನು ಅಷ್ಟು ಉದ್ದ ಮಾಡಿದ್ದು ಯಾರು ಎಂದು ಕೇಳಿ, ಸಂಡಿಗೆ ಮಗುಚಿ ಹಾಕಲು ತಾರಸಿ ಹತ್ತಿದೆ.